ಧಾರವಾಡಕ್ಕ ಹೋಗೂದು ಬೈಗುಳಲ್ಲ

ರಜೆಯಲ್ಲಿ ಊರಿಗೆ ಹೋದಾಗ ದೇಗಾಂವದ ಕಮಲನಾರಾಯಣ ಗುಡಿಯೊಳಗ ಕುಂತಿದ್ದೆ. ಲ್ಯಾಪ್‌ಟಾಪ್ ಇಲ್ಲ, ಡೆಡ್‌ಲೈನ್ ಇಲ್ಲ. ಆದರೂ ಎದಿ ಡವಡವ, ಅಂಗೈ ಬೆವರು. ಆರು ತಿಂಗಳಿಂದ ಹಿಂಗ.

ಅವ್ವ 'ದೃಷ್ಟಿ ಆಗೇತಿ' ಅಂದಳು. ಮ್ಯಾನೇಜರ್ 'ಕೆಲಸದ ಸ್ಟ್ರೆಸ್, ಯೋಗ ಮಾಡ್ರಿ' ಅಂದರು. ಗೆಳೆಯ ಕೇಳಿದ: 'ಪಗಾರ ಐತಿ, ಫ್ಲ್ಯಾಟ್ ಐತಿ, ಮತ್ಯಾತರ ಅಂಜಿಕಿ?'

ಎಲ್ಲರಿಗೂ ಕಾರಣ ಬೇಕು. ಸಕ್ಕರಿ ಕಾಯಿಲೆ ಬಂದವನಿಗೆ 'ನಿನಗೇನು ಕಡಿಮಿ ಆಗೇತಿ' ಅಂತ ಯಾರರ ಕೇಳ್ತಾರೇನು? ಕಾರಣ ಸಿಗದ ಅಂಜಿಕೆಯೂ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ.

ಆದರೆ ನಮ್ಮ ಕಡೆ 'ಧಾರವಾಡಕ್ಕ ಕಳಸಬೇಕು' ಅಂದರೆ ಬೈಗುಳ. ಆ ಮಾತಿಗೆ ಹೆದರಿಯೇ ನಾನು ಅಲ್ಲಿನ ಡಿಮ್ಹಾನ್ಸ್‌ಗೆ ಹೋಗಲು ತಡ ಮಾಡಿದೆ. ಈಗ ಗುಳಿಗಿ ತಗೋತೀನಿ. ಅಂಜಿಕಿ ಪೂರಾ ಹೋಗಿಲ್ಲ, ನಿದ್ದಿ ಬರತೈತಿ.

2022ರಿಂದ ಟೆಲಿ-ಮಾನಸ್ ಐತಿ: 14416. ಪುಕ್ಕಟೆ, ಕನ್ನಡದಾಗ. ಕಾರಣ ಆಮ್ಯಾಲೆ ಹುಡುಕ್ರಿ, ಮೊದಲು ಫೋನ್ ಮಾಡ್ರಿ.