ಸದಾ ಉರಿಯುವ ದೀಪ ಸುಳ್ಳು ಹೇಳುತ್ತದೆ



ನಮ್ಮ ಬಿಜ್ಜರಗಿ, ತಿಕೋಟಾ, ಬಬಲೇಶ್ವರ ಸೀಮೆಯ ರಸ್ತೆಗಳಲ್ಲಿ ಸಂಜೆಯ ಹೊತ್ತು ಸಂಚರಿಸುವವರಿಗೆ ಈ ನೋಟ ಹೊಸದಲ್ಲ. ಮುಂದಿನ ಕಾರು ಓಡುತ್ತಲೇ ಇರುತ್ತದೆ. ಅದರ ಬ್ರೇಕ್ ದೀಪವೂ ಒಂದೇ ಸಮನೆ ಉರಿಯುತ್ತಲೇ ಇರುತ್ತದೆ. ಮಾಲೀಕರಿಗೆ ತಿಳಿಸಿದರೆ ಉತ್ತರ ಸಿದ್ಧವಾಗಿರುತ್ತದೆ: “ಇರಲಿ ಬಿಡ್ರೀ ಸರ, ಲೈಟು ಹತ್ತದಿದ್ರ ತಪ್ಪು, ಹತ್ತಿದ್ರ ಏನು ತಪ್ಪು?”

ಈ ವಾದವನ್ನು ನಾನು ಖಂಡಿಸುತ್ತೇನೆ. ಬ್ರೇಕ್ ದೀಪವಿರುವುದು ಬೆಳಕಿಗಾಗಿ ಅಲ್ಲ, ಸುದ್ದಿಗಾಗಿ. ಆರಿದ್ದು ಹೊತ್ತಿಕೊಂಡಾಗಲೇ ಅದು ಮಾತಾಡುತ್ತದೆ. ಸದಾ ಉರಿಯುವ ದೀಪವು “ಹುಲಿ ಬಂತು ಹುಲಿ” ಎಂದು ದಿನವೂ ಕೂಗಿದ ಹುಡುಗನಂತೆ. ನಿಜವಾಗಿ ಹುಲಿ ಬಂದ ದಿನ ಅವನ ಕೂಗಿಗೆ ಯಾರೂ ಓಡಿಬರಲಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮುಂದಿನವನು ನಿಲ್ಲುತ್ತಿದ್ದಾನೆಂದು ತಿಳಿಯಲು ಹಿಂದಿನವನಿಗೆ ಒಂದೂವರೆ ಸೆಕೆಂಡು ತಡವಾದರೆ 25 ಮೀಟರ್ ಕಳೆದುಹೋಯಿತು. ಹಿಂದೆ ಬರುವವನು ಬೈಕಿನ ಮೇಲಿದ್ದರೆ, ಅವನ ಹಿಂದೆ ಹೆಂಡತಿ ಮಕ್ಕಳಿದ್ದರೆ, ಆ 25 ಮೀಟರಿನ ಬೆಲೆ ಎಷ್ಟು?

ಇದು ಕೇವಲ ತರ್ಕವಲ್ಲ. 1970ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮನಶ್ಶಾಸ್ತ್ರಜ್ಞ ಜಾನ್ ವೊಯೆವೊಡ್‌ಸ್ಕಿ ಅವರು ಟ್ಯಾಕ್ಸಿಗಳ ಹಿಂಬದಿಗೆ ಒಂದು ಹೆಚ್ಚಿನ ಎಚ್ಚರಿಕೆಯ ದೀಪವನ್ನು ಕೂಡಿಸಿ ಪರೀಕ್ಷಿಸಿದರು. ಹಿಂದಿನಿಂದ ಬಂದು ಗುದ್ದುವ ಅಪಘಾತಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾದವು. ಆ ದೇಶದಲ್ಲಿ 1986ರ ಮಾದರಿಯಿಂದ ಕಾರುಗಳಿಗೆ ಮೂರನೆಯ ಬ್ರೇಕ್ ದೀಪ ಕಡ್ಡಾಯವಾಯಿತು. ಅಲ್ಲಿ ಎರಡು ಸಾಲದೆಂದು ಮೂರು ಮಾಡಿದರು. ನಾವು ಇರುವ ಎರಡನ್ನೂ ಸುಳ್ಳುಗಾರರನ್ನಾಗಿ ಮಾಡುತ್ತಿದ್ದೇವೆ!

ಇನ್ನು ದುರಸ್ತಿಯ ಹೆಸರಿನಲ್ಲಿ ನಡೆಯುವ ಅನ್ಯಾಯ ಎರಡು ಬಗೆಯದು. ಕೆಲವರು ವೈರನ್ನೇ ಕತ್ತರಿಸಿಬಿಡುತ್ತಾರೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ ಇದು. ಸುಳ್ಳು ಹೇಳುತ್ತಿದ್ದ ದೀಪ ಈಗ ಮೂಕವಾಯಿತು, ಅಷ್ಟೇ. ಮತ್ತೆ ಕೆಲವರು ಪರೀಕ್ಷೆಯನ್ನೇ ಮಾಡದೆ ಬಲ್ಬು, ಸ್ವಿಚ್ಚು, ವೈರಿಂಗು ಎಂದು ಒಂದೊಂದಾಗಿ ಬದಲಿಸಿ ಬಿಲ್ಲು ಬೆಳೆಸುತ್ತಾರೆ. ಕಾರಣ ಹುಡುಕಿ ಕೈಹಾಕುವ ಒಳ್ಳೆಯ ಮಿಸ್ತ್ರಿಗಳು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ನನ್ನ ನಮಸ್ಕಾರ.

ಅಷ್ಟಕ್ಕೂ ಇದರಲ್ಲಿ ಬ್ರಹ್ಮವಿದ್ಯೆಯೇನೂ ಇಲ್ಲ. ಬಹುಪಾಲು ಕಾರುಗಳಲ್ಲಿ ಬ್ರೇಕ್ ಪೆಡಲಿನ ಮೇಲ್ಭಾಗದಲ್ಲಿ ಸಣ್ಣ ಗುಂಡಿಯುಳ್ಳ ಒಂದು ಸ್ವಿಚ್ ಇರುತ್ತದೆ. ಪೆಡಲ್ ತನ್ನ ಸ್ಥಾನದಲ್ಲಿದ್ದಾಗ ಆ ಗುಂಡಿಯನ್ನು ಒತ್ತಿಹಿಡಿದಿರುತ್ತದೆ, ದೀಪ ಆರಿರುತ್ತದೆ. ಪೆಡಲ್ ತುಳಿದೊಡನೆ ಗುಂಡಿ ಹೊರಬಂದು ದೀಪ ಹತ್ತುತ್ತದೆ. ಎಷ್ಟೋ ಕಾರುಗಳಲ್ಲಿ ಗುಂಡಿಗೂ ಪೆಡಲಿಗೂ ನಡುವೆ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಪುಟ್ಟ ಬಿಲ್ಲೆಯಿರುತ್ತದೆ. ವರ್ಷಗಳು ಕಳೆದಂತೆ ಅದು ಪುಡಿಯಾಗಿ ಉದುರುತ್ತದೆ. ಗುಂಡಿ ಆ ಖಾಲಿ ರಂಧ್ರದೊಳಗೆ ತೂರಿಕೊಂಡು, ದೀಪ ಆರದೆ ಉಳಿಯುತ್ತದೆ.

ಪರೀಕ್ಷೆಯ ಕ್ರಮ ಹೀಗಿರಲಿ. ಕಾರನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದೆ ಒಬ್ಬರನ್ನು ನಿಲ್ಲಿಸಿಕೊಳ್ಳಿ. ಮೊದಲು ಪೆಡಲನ್ನು ಕಾಲಿನಿಂದ ಮೇಲಕ್ಕೆತ್ತಿ. ದೀಪ ಆರಿದರೆ ಪೆಡಲ್ ಪೂರ್ತಿ ಹಿಂದಿರುಗುತ್ತಿಲ್ಲ, ಇಲ್ಲವೇ ಸ್ವಿಚ್ಚಿನ ಅಳತೆ ತಪ್ಪಿದೆ. ಪೆಡಲ್ ಹಿಂದಿರುಗದಿದ್ದರೆ ಬ್ರೇಕೇ ಹಿಡಿದುಕೊಂಡು ಚಕ್ರ ಕಾಯಬಹುದು, ತಡಮಾಡದೆ ತೋರಿಸಿ. ಆರದಿದ್ದರೆ ಸ್ವಿಚ್ಚಿನ ಗುಂಡಿಯನ್ನು ಬೆರಳಿನಿಂದ ಒತ್ತಿ. ಆಗ ಆರಿದರೆ ಸ್ವಿಚ್ ಸರಿಯಿದೆ, ಬಿಲ್ಲೆ ಹೋಗಿದೆ. ಕೆಳಗಿನ ಮ್ಯಾಟಿನ ಮೇಲೆ ಅದರ ಚೂರುಗಳು ಸಿಕ್ಕರೂ ಸಿಗಬಹುದು. ಒತ್ತಿದರೂ ಆರದಿದ್ದರೆ ಸ್ವಿಚ್ಚಿನ ಪ್ಲಗ್ಗನ್ನು ಕಳಚಿ. ಆರಿದರೆ ಸ್ವಿಚ್ ಬದಲಿಸಬೇಕು. ಆಗಲೂ ಆರದಿದ್ದರೆ ಮಾತ್ರ ವೈರಿಂಗಿನ ಅಥವಾ ಬಲ್ಬ್ ಹೋಲ್ಡರಿನ ತಂಟೆ.

“ಸುಮ್ಮನಿದ್ದರೆ ನಮಗೇನು ನಷ್ಟ?” ಎನ್ನುವವರಿಗೆ ಒಂದು ಲೆಕ್ಕ. 21 ವ್ಯಾಟಿನ ಎರಡು ಬಲ್ಬುಗಳು ಸೇರಿ 42 ವ್ಯಾಟು. 12 ವೋಲ್ಟಿನ ಬ್ಯಾಟರಿಯಿಂದ ಮೂರೂವರೆ ಆಂಪಿಯರ್. 35 ಆಂಪಿಯರ್-ಗಂಟೆಯ ಬ್ಯಾಟರಿ ಹತ್ತು ತಾಸಿನಲ್ಲಿ ಬರಿದು. ಅನೇಕ ಕಾರುಗಳಲ್ಲಿ ಕೀಲಿ ತೆಗೆದರೂ ಈ ದೀಪ ಉರಿಯುತ್ತದೆ. ರಾತ್ರಿ ಕಾರು ನಿಲ್ಲಿಸಿ ಮಲಗಿದರೆ ಬೆಳಿಗ್ಗೆ ತಳ್ಳುವ ಯೋಗ!

ಕಬ್ಬಿನ ಹಂಗಾಮಿನಲ್ಲಿ ಹಿಂದೆ ಒಂದೂ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರ್ ಟ್ರೇಲರುಗಳನ್ನು ತೋರಿಸಿ, “ಮೊದಲು ಅವರಿಗೆ ಹೇಳಿ” ಎನ್ನುವವರೂ ಇದ್ದಾರೆ. ಅವರಿಗೂ ಹೇಳಬೇಕು, ಗಟ್ಟಿಯಾಗಿಯೇ ಹೇಳಬೇಕು. ಬ್ರೇಕ್ ದೀಪದ ಮಾತನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳಿವೆ. ಆದರೆ ಒಬ್ಬನ ಕತ್ತಲೆ ಇನ್ನೊಬ್ಬನ ಸುಳ್ಳಿಗೆ ಪರವಾನಗಿಯಾಗದು. ಕಪ್ಪು ಹಲಗೆಯ ಮೇಲೆ ಬಿಡದೆ ಒಂದೇ ಗೆರೆ ಎಳೆದರೆ ಅಕ್ಷರವಾಗದು. ಎಲ್ಲಿ ನಿಲ್ಲಿಸುತ್ತೇವೆ ಎಂಬುದರಿಂದಲೇ ಅರ್ಥ ಹುಟ್ಟುತ್ತದೆ. ದೀಪದ ಭಾಷೆಯೂ ಅಷ್ಟೇ.

ಈ ವಾರ ನಿಮ್ಮ ನಿಮ್ಮ ವಾಹನಗಳ ಹಿಂದೆ ಒಮ್ಮೆ ನಿಂತು ನೋಡಿ. ಹಿಂದೆ ಬರುವ ಅಪರಿಚಿತನಿಗೆ ನಾವು ಕೊಡಬಹುದಾದ ಅತಿ ಅಗ್ಗದ ಮರ್ಯಾದೆ ಅದು.