ನರಮೇಧಕ್ಕೆ ವಿಟೊ ರಕ್ಷಣೆ ಬೇಡ

2014ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸದಸ್ಯರಿಗೆ ಫ್ರಾನ್ಸ್ ಕೆಲವು ಫೋಟೊಗಳನ್ನು ತೋರಿಸಿತು. ಎಲುಬಿನ ಗೂಡಾದ ಮೈಗಳು, ಬಾಸುಂಡೆಗಳು, ಪ್ರತಿ ಶವಕ್ಕೂ ಒಂದು ಸಂಖ್ಯೆ. ಸಿರಿಯಾ ಸರ್ಕಾರದ ಸೆರೆಯಲ್ಲಿ ಸತ್ತವರ ಚಿತ್ರಗಳವು. ‘ಸೀಸರ್’ ಎಂಬ ಗುಪ್ತನಾಮದ ಮಿಲಿಟರಿ ಪೊಲೀಸ್ ಛಾಯಾಗ್ರಾಹಕ ಇಂಥ ಸುಮಾರು 55 ಸಾವಿರ ಚಿತ್ರಗಳನ್ನು ಜೀವ ಪಣಕ್ಕಿಟ್ಟು ದೇಶದಾಚೆ ಸಾಗಿಸಿದ್ದ. ಮುಂದಿನ ತಿಂಗಳ 22ರಂದು, ಸಿರಿಯಾದ ಅಪರಾಧಗಳನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸುವ ನಿರ್ಣಯ ಮತಕ್ಕೆ ಬಂತು. 15 ಸದಸ್ಯರಲ್ಲಿ 13 ಮಂದಿ ಪರವಾಗಿ ಕೈ ಎತ್ತಿದರು. ರಷ್ಯಾ ಮತ್ತು ಚೀನಾ ವಿಟೊ ಚಲಾಯಿಸಿದವು. ನಿರ್ಣಯ ಬಿದ್ದುಹೋಯಿತು.

ಇದು ಒಂದು ಬಣದ ಪಾಪವಷ್ಟೇ ಅಲ್ಲ. 2025ರ ಆಗಸ್ಟ್ 22ರಂದು ಗಾಜಾ ಪ್ರಾಂತ್ಯದಲ್ಲಿ ಕ್ಷಾಮವಿದೆ ಎಂದು ಆಹಾರ ಭದ್ರತಾ ತಜ್ಞರು ದೃಢಪಡಿಸಿದರು. ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 18ರಂದು, ಶಾಶ್ವತ ಕದನ ವಿರಾಮ, ಒತ್ತೆಯಾಳುಗಳ ಬಿಡುಗಡೆ ಮತ್ತು ನೆರವಿನ ಮೇಲಿನ ನಿರ್ಬಂಧ ತೆರವಿಗೆ ಒತ್ತಾಯಿಸಿದ ನಿರ್ಣಯಕ್ಕೆ 14 ಮತಗಳು ಬಿದ್ದವು. ಅಮೆರಿಕ ಒಂದೇ ಅದನ್ನು ತಡೆಯಿತು. ಗಾಜಾ ಯುದ್ಧ ಶುರುವಾದ ಮೇಲೆ ಅದು ಚಲಾಯಿಸಿದ ಆರನೇ ವಿಟೊ ಅದು.

ಸಾಮೂಹಿಕ ಹತ್ಯೆ ತಡೆಯುವ ನಿರ್ಣಯಗಳ ಮೇಲೆ ವಿಟೊ ಚಲಾಯಿಸುವ ಹಕ್ಕು ಯಾರಿಗೂ ಇರಕೂಡದು. ಇದು ಹೊಸ ಬೇಡಿಕೆಯಲ್ಲ. ಇಂಥ ಸಂದರ್ಭಗಳಲ್ಲಿ ಐದೂ ಕಾಯಂ ಸದಸ್ಯರು ಸ್ವಯಂಪ್ರೇರಣೆಯಿಂದ ವಿಟೊ ಬಿಟ್ಟುಕೊಡಲಿ ಎಂದು ಫ್ರಾನ್ಸ್ 2013ರಲ್ಲಿಯೇ ಹೇಳಿತು. 2015ರಲ್ಲಿ ಸಣ್ಣ ಮತ್ತು ಮಧ್ಯಮ ರಾಷ್ಟ್ರಗಳ ಗುಂಪೊಂದು ರೂಪಿಸಿದ ಇದೇ ಆಶಯದ ನೀತಿಸಂಹಿತೆಗೆ ಫ್ರಾನ್ಸ್, ಬ್ರಿಟನ್ ಸೇರಿ 120ಕ್ಕೂ ಹೆಚ್ಚು ರಾಷ್ಟ್ರಗಳು ಒಪ್ಪಿಗೆ ಕೊಟ್ಟಿವೆ. ಕಾಯಂ ಸದಸ್ಯರಲ್ಲಿ ರಷ್ಯಾ, ಚೀನಾ, ಅಮೆರಿಕ ಮಾತ್ರ ಜಗ್ಗಿಲ್ಲ. ವಿಟೊ ಬಿದ್ದರೆ ಹತ್ತು ಕೆಲಸದ ದಿನಗಳೊಳಗೆ ಮಹಾಸಭೆ ಸೇರಿ ಚರ್ಚಿಸಬೇಕೆಂಬ ನಿಯಮ 2022ರಲ್ಲಿ ಬಂತು. ಈಗ ಚರ್ಚೆಯೇನೋ ನಡೆಯುತ್ತದೆ, ಆದರೆ ಬಿದ್ದ ನಿರ್ಣಯ ಎದ್ದು ನಿಲ್ಲುವುದಿಲ್ಲ.

ವಿಟೊ ಇಲ್ಲದಿದ್ದರೆ ದೊಡ್ಡ ಶಕ್ತಿಗಳು ವಿಶ್ವಸಂಸ್ಥೆಗೆ ಬರುತ್ತಲೇ ಇರಲಿಲ್ಲ, ಮೂರನೇ ಮಹಾಯುದ್ಧ ತಪ್ಪಿದ್ದೇ ಅದರಿಂದ ಎನ್ನುತ್ತಾರೆ. ಆ ವಾದದಲ್ಲಿ ಹುರುಳಿದೆ. 2011ರಲ್ಲಿ ಲಿಬಿಯಾದ ನಾಗರಿಕರ ರಕ್ಷಣೆಗೆಂದು ಮಂಡಳಿಯಿಂದ ಸಿಕ್ಕ ಸೇನಾ ಕಾರ್ಯಾಚರಣೆಯ ಅನುಮತಿ ಅಲ್ಲಿನ ಆಡಳಿತಗಾರ ಗಡಾಫಿಯನ್ನು ಕೆಳಗಿಳಿಸುವ ತನಕ ಹೋದದ್ದೂ ನಿಜ. ಹಾಗಾದರೆ ಸೇನಾ ಕಾರ್ಯಾಚರಣೆಯನ್ನು ಈ ಮಿತಿಯ ಹೊರಗಿಡಿ. ಕದನ ವಿರಾಮ, ಅನ್ನ–ಔಷಧದ ದಾರಿ, ನ್ಯಾಯಾಲಯದ ವಿಚಾರಣೆ: ಈ ಮೂರರಿಂದ ಯಾವ ಮಹಾಯುದ್ಧವೂ ಆಗುವುದಿಲ್ಲ. ನಡೆಯುತ್ತಿರುವುದು ನರಮೇಧವೇ ಎಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗೂ ಫ್ರಾನ್ಸಿನ ಪ್ರಸ್ತಾವದಲ್ಲಿ ಉತ್ತರವಿತ್ತು: ಕನಿಷ್ಠ 50 ರಾಷ್ಟ್ರಗಳು ಕೋರಿದರೆ ಮಹಾಕಾರ್ಯದರ್ಶಿ ನಿರ್ಧರಿಸಬೇಕು. ಆದರೆ ಕಾಯಂ ಸದಸ್ಯ ರಾಷ್ಟ್ರವೊಂದರ ಜೀವನ್ಮರಣದ ಹಿತಾಸಕ್ತಿಗೆ ಧಕ್ಕೆಯಾದರೆ ಅದು ವಿಟೊ ಬಳಸಬಹುದೆಂಬ ವಿನಾಯಿತಿಯನ್ನೂ ಫ್ರಾನ್ಸ್ ಸೇರಿಸಿತ್ತು. ಅದನ್ನು ಕಿತ್ತುಹಾಕಬೇಕು. ಬೇಲಿಯಲ್ಲಿ ಅಷ್ಟು ದೊಡ್ಡ ಕಂಡಿ ಬಿಟ್ಟರೆ ಬೇಲಿ ಹಾಕಿಯೂ ಪ್ರಯೋಜನವಿಲ್ಲ.

ನಮ್ಮಲ್ಲಿ ಹಲವರು 1971ರತ್ತ ಬೊಟ್ಟು ಮಾಡುತ್ತಾರೆ. ಆ ಡಿಸೆಂಬರ್‌ನಲ್ಲಿ ಭಾರತದ ಕೈ ಕಟ್ಟಿಹಾಕಬಹುದಾಗಿದ್ದ ನಿರ್ಣಯಗಳನ್ನು ಸೋವಿಯತ್ ವಿಟೊ ತಡೆಯಿತು, ಬಾಂಗ್ಲಾದೇಶ ಹುಟ್ಟಿತು. ಆದರೆ ಅದಕ್ಕೂ ಹಿಂದಿನ ತಿಂಗಳುಗಳನ್ನು ನೋಡಿ. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನ ಸೇನೆಯಿಂದ ಕೊಲೆ ಶುರುವಾಯಿತು. ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದರು. ಇಷ್ಟಾದರೂ ಡಿಸೆಂಬರ್ 4ರವರೆಗೆ ಭದ್ರತಾ ಮಂಡಳಿ ಈ ವಿಷಯಕ್ಕಾಗಿ ಒಮ್ಮೆಯೂ ಸಭೆ ಸೇರಲಿಲ್ಲ. ಪಾಕಿಸ್ತಾನದ ಬೆನ್ನಿಗೆ ಅಮೆರಿಕ ಇತ್ತು, ವರ್ಷಾಂತ್ಯಕ್ಕೆ ಮಂಡಳಿಗೆ ಕಾಲಿಟ್ಟ ಕಮ್ಯುನಿಸ್ಟ್ ಚೀನಾವೂ ಇತ್ತು. ಇಂಥ ಬೆಂಬಲ ಇದ್ದವರ ವಿರುದ್ಧ ನಿರ್ಣಯ ತರುವ ಗೋಜಿಗೇ ಯಾರೂ ಹೋಗುವುದಿಲ್ಲ. ಬಂಗಾಳಿಗಳನ್ನು ಉಳಿಸಿದ್ದು ವಿಟೊ ಎನ್ನುವವರು, ಎಂಟು ತಿಂಗಳು ಅವರನ್ನು ಅನಾಥರಾಗಿ ಬಿಟ್ಟದ್ದೂ ಅದೇ ವ್ಯವಸ್ಥೆ ಎಂಬುದನ್ನು ಮರೆಯಬಾರದು. ಒಂದು ಜನಾಂಗದ ಪ್ರಾಣ, ಯಾವ ದೊಡ್ಡಣ್ಣ ಯಾರ ಸ್ನೇಹಿತ ಎಂಬುದರ ಮೇಲೆ ನಿಲ್ಲುವುದು ಕಾನೂನಲ್ಲ, ಅದೃಷ್ಟ.

ವಿಶ್ವಸಂಸ್ಥೆಯ ಸನ್ನದು ತಿದ್ದಲು ಐದೂ ಕಾಯಂ ರಾಷ್ಟ್ರಗಳ ಅನುಮೋದನೆ ಬೇಕು, ಹಾಗಾಗಿ ಇದು ಆಗದ ಮಾತು ಎಂದು ಕೈಚೆಲ್ಲುವವರಿದ್ದಾರೆ. ಆದರೆ ಸಂಯಮಕ್ಕೆ ತಿದ್ದುಪಡಿ ಬೇಕಿಲ್ಲ. ಫ್ರಾನ್ಸ್, ಬ್ರಿಟನ್ 1989ರಿಂದ ಈಚೆಗೆ ಒಮ್ಮೆಯೂ ವಿಟೊ ಬಳಸಿಲ್ಲ. ಶಾಂತಿಯುತ ಇತ್ಯರ್ಥದ ನಿರ್ಣಯಗಳಲ್ಲಿ ವ್ಯಾಜ್ಯದ ಕಕ್ಷಿದಾರ ಮತ ಹಾಕದೆ ದೂರವಿರಬೇಕು ಎಂದು ಸನ್ನದಿನ 27ನೇ ವಿಧಿ ಈಗಾಗಲೇ ಹೇಳುತ್ತದೆ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬ ಈ ತತ್ವವನ್ನು ನರಮೇಧಕ್ಕೂ ವಿಸ್ತರಿಸಿ ಎಂಬುದಷ್ಟೇ ಕೇಳಿಕೆ.

ಇಲ್ಲಿ ಭಾರತಕ್ಕೊಂದು ಹೊಣೆ ಇದೆ. ನಾವು ಕಾಯಂ ಸ್ಥಾನ ಕೇಳುತ್ತಿದ್ದೇವೆ. ವಿಟೊ ಇರುವುದಾದರೆ ಹೊಸ ಕಾಯಂ ಸದಸ್ಯರಿಗೂ ಇರಲಿ ಎನ್ನುತ್ತಿದ್ದೇವೆ. ಐದು ಬೀಗಗಳ ಜೊತೆಗೆ ಆರನೆಯದನ್ನು ಸೇರಿಸಿದರೆ ಬಾಗಿಲು ತೆರೆಯುವುದಿಲ್ಲ. ಕಾಯಂ ಸ್ಥಾನ ಸಿಕ್ಕರೂ ಸಾಮೂಹಿಕ ಹತ್ಯೆ ತಡೆಯುವ ನಿರ್ಣಯಕ್ಕೆ ಎಂದೂ ಅಡ್ಡ ಬರುವುದಿಲ್ಲ ಎಂದು ಭಾರತ ಇಂದೇ ಲಿಖಿತವಾಗಿ ಘೋಷಿಸಲಿ, ಉಳಿದ ಆಕಾಂಕ್ಷಿಗಳಿಗೂ ಅದೇ ಷರತ್ತು ಒಡ್ಡಲಿ. ಗಡಿ ತೆರೆದು ಒಂದು ಕೋಟಿ ನಿರಾಶ್ರಿತರಿಗೆ ಅನ್ನವಿಟ್ಟ ದೇಶಕ್ಕೆ ಆ ಮಾತನ್ನು ಮೊದಲು ಆಡುವ ಅರ್ಹತೆಯೂ ಇದೆ, ಬಾಧ್ಯತೆಯೂ ಇದೆ.