ಮೊದಲು ಕಾಣುವ ಬೆಲೆಯೇ ಪೂರ್ತಿ ಬೆಲೆಯಾಗಲಿ

ಮೊಬೈಲಿನಲ್ಲಿ ಹೋಟೆಲ್ ರೂಮು ಹುಡುಕುವವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ, ಪಟ್ಟಿಯನ್ನು ಕಡಿಮೆ ಬೆಲೆಯಿಂದ ಹೆಚ್ಚಿನ ಬೆಲೆಗೆ ಜೋಡಿಸಿಕೊಳ್ಳುವುದು. ರಜೆ ಸಿಕ್ಕಾಗ ಮನೆಮಂದಿಯನ್ನೆಲ್ಲ ಕರೆದುಕೊಂಡು ಹಂಪಿಗೋ ಮಡಿಕೇರಿಗೋ ಹೊರಡುವ ಮಧ್ಯಮ ವರ್ಗದ ಕುಟುಂಬ ತನ್ನ ಕೈಗೆಟಕುವ ನಾಲ್ಕೈದು ರೂಮುಗಳನ್ನು ಗುರುತು ಹಾಕಿಕೊಳ್ಳುವುದು ಆ ಪಟ್ಟಿಯನ್ನು ನಂಬಿಯೇ. ಆದರೆ ಅಲ್ಲಿ ಕಂಡ ಮೊತ್ತಕ್ಕೆ ರೂಮು ಸಿಗುವುದು ಅಪರೂಪ. ದಿನಾಂಕ ಒತ್ತಿ, ಹೆಸರು, ಫೋನ್ ನಂಬರು ತುಂಬಿ, ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ತೆರಿಗೆ, ಸೇವಾ ಶುಲ್ಕ, ಕನ್ವೀನಿಯನ್ಸ್ ಫೀ, ಕೇಳದೇ ಇದ್ದ ವಿಮೆ ಎಲ್ಲವೂ ಒಂದೊಂದಾಗಿ ಬಂದು ಸೇರಿಕೊಂಡಿರುತ್ತವೆ. ಇನ್ನು ಕೆಲವು ವಸೂಲಿಗಳು ಗೊತ್ತಾಗುವುದು ರಿಸೆಪ್ಷನ್ ಮುಂದೆ ಬ್ಯಾಗು ಇಳಿಸಿದ ಮೇಲೆಯೇ: ಮಗುವಿಗೆ ಎಕ್ಸ್‌ಟ್ರಾ ಬೆಡ್, ಕಾರು ನಿಲ್ಲಿಸಲು ಪಾರ್ಕಿಂಗ್, ಡಿಸೆಂಬರ್ 31ರಂದು ಉಳಿದುಕೊಂಡರೆ ಬೇಕಿದ್ದರೂ ಬೇಡದಿದ್ದರೂ ಕಟ್ಟಲೇಬೇಕಾದ ಗಾಲಾ ಡಿನ್ನರ್. ಗ್ರಾಹಕರು ಎಚ್ಚರವಾಗಿದ್ದರೆ ಇದೆಲ್ಲ ತಪ್ಪುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಪಟ್ಟಿಯಲ್ಲಿ ಮೊದಲು ಕಾಣುವ ಬೆಲೆಯೇ ಪೂರ್ತಿ ಬೆಲೆಯಾಗಿರಬೇಕು ಎಂಬ ಒಂದೇ ನಿಯಮವನ್ನು ಎಲ್ಲ ಬುಕಿಂಗ್ ತಾಣಗಳ ಮೇಲೂ ಕಡ್ಡಾಯ ಮಾಡದೆ ಈ ಕಾಟ ನಿಲ್ಲುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆಂದು ಇಟ್ಟುಕೊಂಡವು, ಶುಲ್ಕಗಳ ಬಗೆ ಮಾತ್ರ ದಿನನಿತ್ಯ ಕಾಣುವಂಥದ್ದು. ಒಂದೇ ಊರಿನಲ್ಲಿ ಎರಡು ಲಾಡ್ಜುಗಳಿವೆ, ಎರಡು ರಾತ್ರಿ ತಂಗಬೇಕು. ಮೊದಲನೆಯ ಲಾಡ್ಜು ಪಟ್ಟಿಯಲ್ಲಿ ದಿನಕ್ಕೆ 2,400 ರೂಪಾಯಿ ಎಂದು ಹಾಕಿ, ನಿರ್ವಹಣಾ ಶುಲ್ಕದ ಹೆಸರಿನಲ್ಲಿ ದಿನಕ್ಕೆ 200 ರೂಪಾಯಿಯನ್ನು ಕೊನೆಯ ಪುಟಕ್ಕೆ ಇಟ್ಟುಕೊಂಡಿದೆ. ಎರಡನೆಯದು ಯಾವುದನ್ನೂ ಮರೆಮಾಡದೆ 2,500 ರೂಪಾಯಿ ಎಂದೇ ಹಾಕಿದೆ. ಶೇ 5ರ ಜಿಎಸ್‌ಟಿ ಸೇರಿದಾಗ ಮೊದಲನೆಯದರ ಬಿಲ್ಲು 5,460 ರೂಪಾಯಿ, ಎರಡನೆಯದರದ್ದು 5,250. ಬುಕಿಂಗ್ ತಾಣ ತನ್ನ ಪಾಲಿಗೆ 200 ರೂಪಾಯಿ ಸೇರಿಸಿದರೆ 5,660 ಮತ್ತು 5,450. ಮೊದಲನೆಯ ಲಾಡ್ಜನ್ನು 4,800 ರೂಪಾಯಿಯ ಲೆಕ್ಕದಲ್ಲಿ ಆರಿಸಿಕೊಂಡವರು 860 ರೂಪಾಯಿ ಹೆಚ್ಚು ತೆತ್ತಿರುತ್ತಾರೆ. ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ನಿಜವಾಗಿ 210 ರೂಪಾಯಿ ಅಗ್ಗವಾಗಿದ್ದ ಎರಡನೆಯ ಲಾಡ್ಜು ಪಟ್ಟಿಯಲ್ಲಿ ಕೆಳಗೆ ಬಿದ್ದಿರುತ್ತದೆ, ಎಷ್ಟೋ ಜನರ ಕಣ್ಣಿಗೇ ಬಿದ್ದಿರುವುದಿಲ್ಲ. ಮುಚ್ಚಿಟ್ಟ ಶುಲ್ಕ ಪ್ರವಾಸಿಗರ ಜೇಬಿಗೆ ಕತ್ತರಿ ಹಾಕುವುದರ ಜೊತೆಗೆ ನೇರವಾಗಿ ವ್ಯಾಪಾರ ಮಾಡುವ ಲಾಡ್ಜಿನವರ, ಹೋಂಸ್ಟೇಯವರ ಹೊಟ್ಟೆಯ ಮೇಲೂ ಹೊಡೆಯುತ್ತದೆ. ಪ್ರಾಮಾಣಿಕರಿಗೆ ದಂಡ, ಮರೆಮಾಚಿದವರಿಗೆ ಬಹುಮಾನ ಎಂಬಂತಾದರೆ ಅದನ್ನು ಪೈಪೋಟಿ ಎನ್ನಲಾಗದು.

ಇದಕ್ಕೆ ಬುಕಿಂಗ್ ತಾಣಗಳ ಪರವಾಗಿ ಬರುವ ಮೊದಲ ಉತ್ತರ ಹೀಗಿರುತ್ತದೆ: ಹಣ ಕಟ್ಟುವ ಮುಂಚೆ ಪೂರ್ತಿ ಮೊತ್ತವನ್ನು ತೋರಿಸಿಯೇ ತೋರಿಸುತ್ತೇವೆ, ಬೇಡವೆಂದರೆ ಹಿಂದೆ ಸರಿಯಬಹುದಲ್ಲ. ಕಾಗದದ ಮೇಲೆ ಇದು ಸರಿ. ಆದರೆ ಬೆಲೆಯನ್ನು ಯಾವಾಗ ತೋರಿಸುತ್ತಾರೆ ಎಂಬುದು ಎಷ್ಟು ತೋರಿಸುತ್ತಾರೆ ಎಂಬುದರಷ್ಟೇ ಮುಖ್ಯ. ಅಮೆರಿಕದ ಸ್ಟಬ್‌ಹಬ್ ಎಂಬ ಟಿಕೆಟ್ ಮಾರಾಟ ತಾಣದಲ್ಲಿ 2015ರಲ್ಲಿ ನಡೆದ ದೊಡ್ಡ ಪ್ರಯೋಗ ಇದನ್ನು ಸ್ಪಷ್ಟಪಡಿಸಿದೆ. ಅರ್ಧದಷ್ಟು ಗ್ರಾಹಕರಿಗೆ ಮೊದಲೇ ಶುಲ್ಕ ಸೇರಿಸಿದ ಬೆಲೆ ತೋರಿಸಲಾಯಿತು, ಉಳಿದವರಿಗೆ ಕೊನೆಯ ಪುಟದಲ್ಲಷ್ಟೇ ಶುಲ್ಕ ಸೇರಿಸಲಾಯಿತು. ಕೊನೆಯಲ್ಲಿ ಶುಲ್ಕ ಕಂಡವರು ಸುಮಾರು ಶೇ 21ರಷ್ಟು ಹೆಚ್ಚು ಖರ್ಚು ಮಾಡಿದ್ದರು, ಖರೀದಿಯನ್ನು ಪೂರ್ತಿ ಮಾಡುವ ಸಾಧ್ಯತೆಯೂ ಅವರಲ್ಲಿ ಸುಮಾರು ಶೇ 14ರಷ್ಟು ಹೆಚ್ಚಿತ್ತು. ಎರಡೂ ಗುಂಪಿಗೆ ಪೂರ್ತಿ ಬೆಲೆ ಕಂಡಿತ್ತು, ಎರಡೂ ಗುಂಪಿಗೆ ಹಿಂದೆ ಸರಿಯುವ ದಾರಿಯಿತ್ತು. ವ್ಯತ್ಯಾಸವಿದ್ದದ್ದು ಬೆಲೆ ಕಂಡ ಹೊತ್ತಿನಲ್ಲಿ ಮಾತ್ರ. ರೂಮಿನ ವಿಷಯದಲ್ಲೂ ಹೀಗೆಯೇ. ಫೋಟೋ ನೋಡಿ, ಮನೆಯವರನ್ನೆಲ್ಲ ಒಪ್ಪಿಸಿ, ರೈಲಿನ ಟಿಕೆಟ್ಟಿಗೆ ದಿನಾಂಕ ಹೊಂದಿಸಿ, ಮುಕ್ಕಾಲು ಗಂಟೆ ವ್ಯಯಿಸಿದ ಮೇಲೆ ಐನೂರು ರೂಪಾಯಿ ಹೆಚ್ಚಾಯಿತೆಂದು ಮತ್ತೆ ಮೊದಲಿನಿಂದ ಹುಡುಕಲು ಕೂರುವವರು ಕಡಿಮೆ. ಇದನ್ನು ಚೆನ್ನಾಗಿ ಬಲ್ಲವರೇ ಆ ಪುಟಗಳನ್ನು ವಿನ್ಯಾಸ ಮಾಡಿರುತ್ತಾರೆ.

ಹಾಗಾದರೆ ಕಂಪನಿಗಳು ತಾವಾಗಿಯೇ ತಿದ್ದಿಕೊಳ್ಳುವುದಿಲ್ಲವೇ? ಇದಕ್ಕೂ ಸ್ಟಬ್‌ಹಬ್‌ನ ಚರಿತ್ರೆಯಲ್ಲೇ ಉತ್ತರವಿದೆ. ಆ ಕಂಪನಿ 2014ರಲ್ಲಿ ಎಲ್ಲ ಶುಲ್ಕ ಸೇರಿದ ಬೆಲೆಯನ್ನೇ ಮೊದಲು ತೋರಿಸುವ ಪದ್ಧತಿಗೆ ಬದಲಾಗಿತ್ತು. ಪ್ರತಿಸ್ಪರ್ಧಿಗಳು ಬದಲಾಗಲಿಲ್ಲ. ಅವರ ತಾಣಗಳಲ್ಲಿ ಟಿಕೆಟ್ ಅಗ್ಗವಾಗಿ ಕಂಡಿತು, ಗ್ರಾಹಕರು ಅತ್ತ ವಾಲಿದರು, ಮರುವರ್ಷವೇ ಕಂಪನಿ ಹಳೆಯ ದಾರಿಗೆ ಮರಳಿತು. ಒಬ್ಬರೇ ಪ್ರಾಮಾಣಿಕರಾದರೆ ಅವರಿಗೆ ನಷ್ಟ, ಎಲ್ಲರೂ ಒಟ್ಟಿಗೆ ಪ್ರಾಮಾಣಿಕರಾದರೆ ಯಾರಿಗೂ ನಷ್ಟವಿಲ್ಲ. ಇಂಥ ಕಡೆ ಸದ್ಬುದ್ಧಿಯ ಮೇಲೆ ಭಾರ ಹಾಕಿ ಕೂರುವುದು ವ್ಯರ್ಥ. ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುವ ಕೆಲಸ ಸರ್ಕಾರದ್ದು, ಅದರಿಂದ ಅನುಕೂಲವಾಗುವುದು ಒಳ್ಳೆಯ ಕಂಪನಿಗಳಿಗೂ ಹೌದು.

ನಮ್ಮಲ್ಲಿ ಕಾನೂನೇ ಇಲ್ಲವೆಂದಲ್ಲ. 2020ರ ಇ-ಕಾಮರ್ಸ್ ನಿಯಮಗಳು ಕಡ್ಡಾಯ ಮತ್ತು ಐಚ್ಛಿಕ ಶುಲ್ಕಗಳ ವಿವರದೊಂದಿಗೆ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ಕೊಡಬೇಕೆಂದು ಹೇಳುತ್ತವೆ, ಮೊದಲೇ ಟಿಕ್ ಮಾಡಿಟ್ಟ ಚೌಕಗಳ ಮೂಲಕ ಗ್ರಾಹಕರ ಒಪ್ಪಿಗೆ ಪಡೆಯುವುದನ್ನು ನಿಷೇಧಿಸುತ್ತವೆ. ಕೇಂದ್ರೀಯ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಪುಟವಿನ್ಯಾಸದ ತಂತ್ರಗಳನ್ನು, ಹೆಸರಿಸಿದೆ. ಬೆಲೆಯನ್ನು ಹನಿಹನಿಯಾಗಿ ಹೊರಬಿಡುವ ಡ್ರಿಪ್ ಪ್ರೈಸಿಂಗ್, ಬುಟ್ಟಿಗೆ ಗೊತ್ತಾಗದಂತೆ ವಿಮೆ, ದೇಣಿಗೆ ಸೇರಿಸುವುದು ಎರಡೂ ಅದರಲ್ಲಿವೆ. ಎರಡೇ ರೂಮು ಉಳಿದಿವೆ, ಮೂವತ್ತು ಜನ ಇದನ್ನೇ ನೋಡುತ್ತಿದ್ದಾರೆ ಎಂದು ಸುಳ್ಳು ಅವಸರ ಹುಟ್ಟಿಸುವುದಕ್ಕೆ ಆ ಮಾರ್ಗಸೂಚಿ ಹೋಟೆಲ್ ರೂಮಿನ ನಿದರ್ಶನವನ್ನೇ ಕೊಟ್ಟಿದೆ. ಆದರೂ ಎರಡು ಕಂಡಿಗಳು ಉಳಿದುಕೊಂಡಿವೆ. ಬೆಲೆಯನ್ನು ಮೊದಲೇ ತಿಳಿಸಬೇಕು ಎಂದರೆ ಯಾವ ಪುಟದಲ್ಲಿ ಎಂಬುದನ್ನು ಬಿಡಿಸಿ ಹೇಳಿಲ್ಲ, ಹಾಗಾಗಿ ಪಟ್ಟಿಯ ಪುಟ ಹಳೆಯ ರೀತಿಯಲ್ಲೇ ಇದೆ. ಮಾರಾಟಗಾರರು ಬೆಲೆ ಬದಲಿಸಿದರೆ ಅಷ್ಟರ ಮಟ್ಟಿಗೆ ವೇದಿಕೆ ಹೊಣೆಯಲ್ಲ ಎಂಬ ವಿನಾಯಿತಿಯೂ ಇರುವುದರಿಂದ, ಕೌಂಟರಿನಲ್ಲಿ ವಸೂಲಿಯಾದ ಶುಲ್ಕಕ್ಕೆ ತಾಣದವರು ಹೋಟೆಲಿನತ್ತ, ಹೋಟೆಲಿನವರು ತಾಣದತ್ತ ಬೆರಳು ತೋರಿಸುವುದು ಸುಲಭವಾಗಿದೆ. 2025ರ ಜೂನ್‌ನಲ್ಲಿ ಪ್ರಾಧಿಕಾರ ಎಲ್ಲ ತಾಣಗಳಿಗೂ ಮೂರು ತಿಂಗಳೊಳಗೆ ತಮ್ಮನ್ನು ತಾವೇ ಪರಿಶೋಧಿಸಿಕೊಳ್ಳಿ ಎಂದು ಸಲಹೆ ಕೊಟ್ಟಿತು. ಆದರೆ ತಪ್ಪಿನಿಂದ ಲಾಭ ಪಡೆಯುವವರ ಕೈಗೇ ತಕ್ಕಡಿ ಕೊಟ್ಟರೆ ತೂಕ ಸರಿಯಾಗಿರುತ್ತದೆಂದು ನಂಬುವುದು ಹೇಗೆ?

ತೆರಿಗೆಯ ನೆಪವೂ ಒಂದಿದೆ. ತೆರಿಗೆ ಸರ್ಕಾರದ್ದು, ಅದನ್ನು ನಮ್ಮ ಬೆಲೆಯಲ್ಲಿ ಏಕೆ ಸೇರಿಸಬೇಕು ಎನ್ನುತ್ತಾರೆ. ಪೊಟ್ಟಣದಲ್ಲಿ ಮಾರುವ ಸರಕಿನ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಅಚ್ಚು ಹಾಕುವುದು ನಮ್ಮ ದೇಶದಲ್ಲಿ ಎಷ್ಟೋ ವರ್ಷಗಳಿಂದ ಕಡ್ಡಾಯವಾಗಿದೆ. ಹತ್ತು ರೂಪಾಯಿಯ ಬಿಸ್ಕತ್ತು ಕಲಬುರಗಿಯ ಪೆಟ್ಟಿಗೆ ಅಂಗಡಿಯಲ್ಲೂ ಹತ್ತೇ ರೂಪಾಯಿ. ಸಣ್ಣ ಅಂಗಡಿಕಾರರಿಗೆ ಅನ್ವಯಿಸುವ ಶಿಸ್ತು ಕೋಟ್ಯಂತರ ಲೆಕ್ಕಗಳನ್ನು ಕ್ಷಣದಲ್ಲಿ ಮಾಡಬಲ್ಲ ತಾಣಗಳಿಗೆ ಕಷ್ಟವಾಗಬಾರದು. ರೂಮಿನ ಜಿಎಸ್‌ಟಿ ಲೆಕ್ಕವೇನೂ ತೊಡಕಿನದಲ್ಲ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18. ದೇಶದ ಯಾವ ಊರಿಗೆ ಹೋದರೂ ಇಷ್ಟೇ. ಹಿಂದೆ ಕೆಳಗಿನ ಹಂತದ ರೂಮುಗಳಿಗೆ ಶೇ 12 ಇತ್ತು. ಆ ಇಳಿಕೆಯ ಲಾಭ ತಮ್ಮ ಕೈಸೇರಿತೇ ಎಂದು ಪ್ರವಾಸಿಗರು ಪರೀಕ್ಷಿಸಿ ನೋಡಲು ಹೊರಟರೆ, ತೆರಿಗೆಗಳು ಮತ್ತು ಶುಲ್ಕಗಳು ಎಂಬ ಒಂದೇ ಸಾಲಿನಲ್ಲಿ ಸರ್ಕಾರದ ಪಾಲನ್ನೂ ಕಂಪನಿಯ ಪಾಲನ್ನೂ ಕಲಸಿಟ್ಟಿರುವ ಕಡೆ ಅದು ಸಾಧ್ಯವಾಗುವುದಿಲ್ಲ. ತೆರಿಗೆ ಇಳಿದಷ್ಟೇ ಶುಲ್ಕ ಏರಿದರೆ ಆ ಸಾಲು ಮೊದಲಿನಂತೆಯೇ ಕಾಣುತ್ತದೆ. ಒಟ್ಟು ಬೆಲೆ ಮೊದಲ ಪುಟದಲ್ಲಿರಬೇಕು, ಅದರ ಒಡೆದ ಲೆಕ್ಕ ಒಂದು ಒತ್ತಿಗೆ ಸಿಗಬೇಕು.

ಬುಕಿಂಗ್ ತಾಣಗಳಿಗೂ ಆದಾಯ ಬೇಕು ಎಂಬ ಮಾತು ನ್ಯಾಯವಾದದ್ದೇ. ನೂರಾರು ಊರುಗಳ ರೂಮುಗಳನ್ನು ಒಂದೆಡೆ ತಂದು, ಹಿಂದೆ ತಂಗಿದವರ ಅಭಿಪ್ರಾಯ ಜೋಡಿಸಿ, ದೂರದ ಹಳ್ಳಿಯ ಹೋಂಸ್ಟೇಗೂ ಗಿರಾಕಿ ಕಳಿಸುವ ಸೇವೆಗೆ ಬೆಲೆಯಿದೆ. ಶುಲ್ಕ ಬೇಡವೆಂದು ನಾನು ಹೇಳುತ್ತಿಲ್ಲ, ಅದನ್ನು ಬೆಲೆಯೊಳಗೆ ಇಡಿ ಎಂದಷ್ಟೇ ಹೇಳುತ್ತಿದ್ದೇನೆ. ಈ ತಾಣಗಳ ಬಲ ಎಂಥದ್ದು ಎಂಬುದಕ್ಕೆ ಭಾರತೀಯ ಸ್ಪರ್ಧಾ ಆಯೋಗದ 2022ರ ಅಕ್ಟೋಬರ್ ಆದೇಶವನ್ನು ನೋಡಬಹುದು. ಬೇರೆ ಕಡೆ ಕಡಿಮೆ ದರಕ್ಕೆ ರೂಮು ಕೊಡಬಾರದೆಂದು ಹೋಟೆಲುಗಳಿಗೆ ಷರತ್ತು ಹಾಕಿದ್ದೂ ಸೇರಿದಂತೆ ಹಲವು ಕಾರಣಗಳಿಗೆ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ ರೂಪಾಯಿ, ಓಯೊಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿ ಸಲ್ಲಿಸಿದವು. ಅದರ ಫಲ ಏನೇ ಇರಲಿ, ಹೋಟೆಲಿನವರೂ ಪ್ರವಾಸಿಗರೂ ಒಂದೇ ಬಾಗಿಲಿನಿಂದ ಹಾಯಬೇಕಾದಾಗ ಆ ಬಾಗಿಲಿನ ಮೇಲಿನ ದರಪಟ್ಟಿ ನಿಚ್ಚಳವಾಗಿರಬೇಕು ಎಂಬ ಬೇಡಿಕೆ ಅತಿಯಾದದ್ದಲ್ಲ. ಊಟದ ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ಕಡ್ಡಾಯವಾಗಿ ಸೇರಿಸುವಂತಿಲ್ಲ ಎಂಬ ಪ್ರಾಧಿಕಾರದ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಊಟಕ್ಕೆ ಸಿಕ್ಕಿದ ರಕ್ಷಣೆ ವಸತಿಗೂ ಸಿಗಬೇಕು.

ಪೂರ್ತಿ ಬೆಲೆ ತೋರಿಸಿದರೆ ಜನ ಹೆದರಿ ಪ್ರವಾಸವನ್ನೇ ಬಿಡುತ್ತಾರೆ, ಉದ್ಯಮ ಕುಸಿಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅಮೆರಿಕದ ವಿಮಾನಯಾನ ಕಂಪನಿಗಳು 2012ರಿಂದಲೂ ತೆರಿಗೆ ಸೇರಿದ ದರವನ್ನೇ ಜಾಹೀರಾತು ಮಾಡಬೇಕಾಗಿದೆ, ಅದರಿಂದ ವಿಮಾನಗಳೇನೂ ಖಾಲಿ ಹಾರುತ್ತಿಲ್ಲ. ಅಲ್ಲಿನ ಹೋಟೆಲುಗಳ ರೆಸಾರ್ಟ್ ಫೀ, ಮಕ್ಕಳನ್ನು ನೋಡಲು ಹೋಗಿ ಲಾಸ್ ವೇಗಸ್ ಸುತ್ತಿ ಬರುವ ನಮ್ಮ ಕನ್ನಡದ ತಂದೆತಾಯಿಯರಿಗೂ ಪರಿಚಿತವಾದ ಕಾಟವಾಗಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ 2025ರ ಮೇ 12ರಿಂದ ಜಾರಿಗೆ ಬಂದು, ಕಡ್ಡಾಯ ಶುಲ್ಕಗಳನ್ನೆಲ್ಲ ರೂಮಿನ ಬೆಲೆಯೊಳಗೇ ತೋರಿಸಬೇಕಾಗಿದೆ. ಸರ್ಕಾರದ ತೆರಿಗೆಯನ್ನು ಮಾತ್ರ ನಂತರ ತೋರಿಸಲು ಅಲ್ಲಿ ಅವಕಾಶವಿದೆ, ಊರೂರಿಗೆ ತೆರಿಗೆ ಬೇರೆಯಾಗಿರುವ ದೇಶಕ್ಕೆ ಅದು ಬೇಕಿತ್ತೇನೋ, ಒಂದೇ ಜಿಎಸ್‌ಟಿ ಇರುವ ನಮಗೆ ಬೇಕಿಲ್ಲ. ಬ್ರಿಟನ್ನಿನಲ್ಲೂ 2025ರ ಏಪ್ರಿಲ್‌ನಿಂದ ಇಂಥದೇ ನಿಷೇಧವಿದೆ. ಅದೇ ತಿಂಗಳು ಏರ್‌ಬಿಎನ್‌ಬಿ ಶುಲ್ಕಗಳೆಲ್ಲ ಸೇರಿದ ಬೆಲೆಯನ್ನು ಜಗತ್ತಿನಾದ್ಯಂತ ತೋರಿಸಲು ಶುರುಮಾಡಿತು. ತಾಂತ್ರಿಕವಾಗಿ ಇದು ಆಗದ ಕೆಲಸ ಎಂಬ ವಾದಕ್ಕೆ ಇನ್ನು ಜಾಗವಿಲ್ಲ.

ನಿಯಮ ಬರುವವರೆಗೆ ಪ್ರವಾಸಿಗರು ಕೈಕಟ್ಟಿ ಕೂರಬೇಕಿಲ್ಲ. ಎರಡು ತಾಣಗಳನ್ನು ಹೋಲಿಸುವಾಗ ಪಟ್ಟಿಯ ಪುಟವನ್ನು ಬಿಟ್ಟು ಹಣ ಕಟ್ಟುವ ಪುಟದ ಮೊತ್ತವನ್ನೇ ಹೋಲಿಸಬೇಕು. ಟಿಕ್ ಆಗಿರುವ ಚೌಕಗಳನ್ನು ತೆಗೆಯಬೇಕು. ಹೋಟೆಲಿಗೇ ಒಂದು ಫೋನ್ ಮಾಡಿ, ಎಷ್ಟು ಜನ, ಯಾವ ವಯಸ್ಸಿನ ಮಕ್ಕಳು ಎಂದು ಹೇಳಿ, ಬಂದ ಮೇಲೆ ಇನ್ನೇನು ಕಟ್ಟಬೇಕೆಂದು ಕೇಳಿ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಬೇಕು. ಪ್ರತಿ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಅದೇ ಸಾಕ್ಷಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. ಆದರೆ ಐನೂರು ರೂಪಾಯಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? ಕಂಪನಿಗಳಿಗೆ ಲಕ್ಷಾಂತರ ಬುಕಿಂಗ್‌ಗಳಿಂದ ಕೂಡಿಬರುವ ಹಣ, ಪ್ರತಿಯೊಬ್ಬ ಗ್ರಾಹಕರ ಮಟ್ಟಿಗೆ ಹೋಗಲಿ ಬಿಡು ಎನ್ನುವಷ್ಟು ಚಿಕ್ಕದು. ಬಿಡಿಬಿಡಿ ಎಚ್ಚರದಿಂದ ಈ ಅನ್ಯಾಯ ನಿಲ್ಲದಿರುವುದಕ್ಕೆ ಕಾರಣ ಇದೇ.

ಆದ್ದರಿಂದ ಪ್ರಾಧಿಕಾರವು ತನ್ನ ಮಾರ್ಗಸೂಚಿಗೆ ಮೂರು ಸಾಲು ಸೇರಿಸಲಿ. ದಿನಾಂಕ ಮತ್ತು ಜನರ ಸಂಖ್ಯೆ ಕೊಟ್ಟ ಕೂಡಲೇ, ಪಟ್ಟಿಯ ಮೊದಲ ಪುಟದಲ್ಲೇ ತೆರಿಗೆ ಮತ್ತು ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಮೊತ್ತವನ್ನು ದಪ್ಪ ಅಕ್ಷರದಲ್ಲಿ ತೋರಿಸಬೇಕು. ಕಡಿಮೆಯಿಂದ ಹೆಚ್ಚಿಗೆ ಜೋಡಿಸುವುದು ಆ ಮೊತ್ತದ ಆಧಾರದ ಮೇಲೆಯೇ ಆಗಬೇಕು. ಬುಕಿಂಗ್ ಚೀಟಿಯಲ್ಲಿ ಇಲ್ಲದ ಯಾವುದೇ ಕಡ್ಡಾಯ ಶುಲ್ಕವನ್ನು ಹೋಟೆಲು ವಸೂಲಿ ಮಾಡಿದರೆ ಅದನ್ನು ತಾಣವೇ ಗ್ರಾಹಕರಿಗೆ ಹಿಂದಿರುಗಿಸಿ, ಬೇಕಿದ್ದರೆ ಹೋಟೆಲಿನಿಂದ ಆಮೇಲೆ ಪಡೆದುಕೊಳ್ಳಲಿ. ಈ ಮೂರರಿಂದ ಯಾವ ಕಂಪನಿಯ ದರದ ಮೇಲೂ ಮಿತಿ ಬೀಳುವುದಿಲ್ಲ, ಸರ್ಕಾರದ ಬೊಕ್ಕಸದಿಂದ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಪರಿಶೋಧನೆಯನ್ನು ಕಂಪನಿಗಳಿಗೇ ಬಿಡದೆ ಪ್ರಾಧಿಕಾರವೇ ತಾಣಗಳನ್ನು ತೆರೆದು ನೋಡಿ, ತಪ್ಪಿದವರ ಹೆಸರನ್ನು ಪ್ರಕಟಿಸಿ, ದಂಡ ಹಾಕುವ ಕೆಲಸವನ್ನೂ ಆರಂಭಿಸಲಿ. ರೂಮಿನ ಬೆಲೆ ಎಷ್ಟಾದರೂ ಇರಲಿ, ಅದನ್ನು ಕೊಡುವುದೋ ಬಿಡುವುದೋ ನಿರ್ಧರಿಸುವ ಹಕ್ಕು ಪ್ರವಾಸಿಗರದ್ದು. ಪೂರ್ತಿ ಬೆಲೆ ಗೊತ್ತಿಲ್ಲದೆ ಆ ಹಕ್ಕನ್ನು ಚಲಾಯಿಸಲು ಯಾರಿಂದಲೂ ಆಗದು.